ಬಳಸಿದ ಪಿಕಪ್ ವಾಹನದ ಆಯ್ಕೆ: ಕೊಳ್ಳುವವರು ಗಮನಿಸಬೇಕಾದ ಸಂಗತಿಗಳು

ದಕ್ಷಿಣ ದೆಹಲಿಯ ಮುನಿರ್ಕಾ ಗ್ರಾಮದ ಗಲ್ಲಿಗಳು ಕಿರಿದಾದವು. ಅಲ್ಲಿಗೆ ದೊಡ್ಡ ಲಾರಿ ಬರಲಾರದು. ದಿನಸಿ ಅಂಗಡಿಯ ಅಕ್ಕಿ ಮೂಟೆ, ಊಟದ ವ್ಯವಸ್ಥೆ ಮಾಡುವವರ ಪಾತ್ರೆ ಪಡಗ, ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಕೋಣೆ ಬದಲಾಯಿಸುವಾಗಿನ ಮಂಚ ಮತ್ತು ಪುಸ್ತಕ, ಇವೆಲ್ಲವೂ ಸಾಗುವುದು ಸಣ್ಣ ಪಿಕಪ್ ವಾಹನಗಳಲ್ಲಿಯೇ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ನಂತರ ಈ ಬಗೆಯ ವಾಹನಗಳು ನಗರದ ಮೂಲೆ ಮೂಲೆಗೂ ತಲುಪಿದವು. ದೆಹಲಿಯ ಜನ ಅದನ್ನು 'ಛೋಟಾ ಹಾಥಿ', ಅಂದರೆ ಪುಟ್ಟ ಆನೆ, ಎಂದೇ ಕರೆಯುತ್ತಾರೆ. ಕರ್ನಾಟಕದಲ್ಲಿಯೂ ಕೋಲಾರದ ಟೊಮೆಟೊದಿಂದ ಮಲೆನಾಡಿನ ಅಡಿಕೆಯವರೆಗೆ ಹೊಲದ ಬೆಳೆ ಮಾರುಕಟ್ಟೆ ಸೇರುವಲ್ಲಿ ಪಿಕಪ್ ವಾಹನಗಳ ಪಾಲು ದೊಡ್ಡದು.

ಹೊಸ ವಾಹನದ ಬೆಲೆ ಕೈಗೆಟುಕದಿದ್ದಾಗ ಸಣ್ಣ ವ್ಯಾಪಾರಿಗಳೂ ಸ್ವಯಂ ಉದ್ಯೋಗಿಗಳೂ ಬಳಸಿದ ವಾಹನದ ಕಡೆಗೆ ನೋಡುವುದು ಸಹಜ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಕುಟುಂಬದ ಹಲವು ವರ್ಷಗಳ ಉಳಿತಾಯ ಇಂತಹ ಒಂದೇ ಖರೀದಿಯಲ್ಲಿ ತೊಡಗಿರುತ್ತದೆ. ಬಹುಮಂದಿ ಕೊಳ್ಳುವವರು ಎಂಜಿನ್ನಿನ ಸದ್ದು ಕೇಳಿ, ಬಣ್ಣ ನೋಡಿ, ಬೆಲೆ ಚೌಕಾಸಿ ಮಾಡಿ ಮುಂಗಡ ಕೊಟ್ಟುಬಿಡುತ್ತಾರೆ. ಕಾಗದಪತ್ರಗಳನ್ನು ಕೊನೆಯಲ್ಲಿ ನೋಡುತ್ತಾರೆ. ಈ ಕ್ರಮ ತಿರುವುಮುರುವಾದುದು. ವಾಹನವು ರಸ್ತೆಯ ಮೇಲೆ ಕಾನೂನುಬದ್ಧವಾಗಿ ಇನ್ನೆಷ್ಟು ವರ್ಷ ಓಡಬಹುದು ಎಂಬುದು ಮೊದಲನೆಯ ಪ್ರಶ್ನೆ. ಅದರ ದಾಖಲೆಗಳು ಶುದ್ಧವಾಗಿವೆಯೇ ಎಂಬುದು ಎರಡನೆಯದು. ಎಂಜಿನ್ನಿನ ಸ್ಥಿತಿ ಮೂರನೆಯದು. ಕೆಟ್ಟ ಎಂಜಿನ್ನನ್ನು ದುರಸ್ತಿ ಮಾಡಿಸಬಹುದು. ಮುಗಿದ ಅವಧಿಯನ್ನು ಯಾವ ಮೆಕ್ಯಾನಿಕ್ಕೂ ದುರಸ್ತಿ ಮಾಡಲಾರ.

ಅಗತ್ಯದ ನಿರ್ಧಾರ

ಯಾವ ಸರಕು, ಎಷ್ಟು ತೂಕ, ಎಷ್ಟು ದೂರ ಎಂಬುದನ್ನು ವಾಹನ ಹುಡುಕುವ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗಲ್ಲಿಗಳಲ್ಲಿ ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡುವವರಿಗೆ ಸಣ್ಣ ವಾಹನ ಸಾಕು. ಗಾಜಿಯಾಬಾದ್ ಅಥವಾ ಗುರುಗ್ರಾಮದಿಂದ ದಿನವೂ ಭಾರವಾದ ಸರಕು ತರುವವರಿಗೆ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದ ದೊಡ್ಡ ಬಗೆಯವು ಬೇಕಾಗಬಹುದು.

ಇಲ್ಲಿ ಎರಡು ಕಾನೂನು ಅಂಶಗಳನ್ನು ನೆನಪಿಡಬೇಕು. 1988ರ ಮೋಟಾರು ವಾಹನ ಅಧಿನಿಯಮದ 66ನೆಯ ಪ್ರಕರಣದ ಪ್ರಕಾರ, ಸರಕು ಸಹಿತ ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ವಾಹನಕ್ಕೆ ರಹದಾರಿ, ಅಂದರೆ ಪರ್ಮಿಟ್, ಬೇಕಾಗಿಲ್ಲ. ಅದನ್ನು ಮೀರಿದ ವಾಹನಕ್ಕೆ ಬೇಕು. ಎರಡನೆಯದು ಚಾಲನಾ ಪರವಾನಗಿಗೆ ಸಂಬಂಧಿಸಿದ್ದು. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಪರವಾನಗಿ ಉಳ್ಳವರು ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ಎತ್ತಿ ಹಿಡಿದಿದೆ. ಆದುದರಿಂದ ಸಾಮಾನ್ಯ ಪಿಕಪ್ ನಡೆಸಲು ಪ್ರತ್ಯೇಕ ಅನುಮೋದನೆ ಅಗತ್ಯವಿಲ್ಲ.

ಒಟ್ಟು ತೂಕ ಎಷ್ಟೆಂಬುದು ನೋಂದಣಿ ಪತ್ರದಲ್ಲಿಯೇ ನಮೂದಾಗಿರುತ್ತದೆ. ಅದರಲ್ಲಿ ಖಾಲಿ ವಾಹನದ ತೂಕವನ್ನು ಕಳೆದರೆ ಹೊರಬಹುದಾದ ಭಾರ ದೊರೆಯುತ್ತದೆ. 'ಇದು ಎರಡು ಟನ್ ಎಳೆಯುತ್ತದೆ' ಎಂಬ ಮಾರಾಟಗಾರನ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. 2019ರ ತಿದ್ದುಪಡಿಯ ನಂತರ ಮಿತಿ ಮೀರಿ ಭಾರ ಹೇರಿದರೆ 20,000 ರೂಪಾಯಿ ದಂಡವಿದ್ದು, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ಸೇರುತ್ತದೆ.

ಉಳಿದಿರುವ ಅವಧಿ

ದೆಹಲಿ ಮತ್ತು ರಾಷ್ಟ್ರೀಯ ರಾಜಧಾನಿ ವಲಯದಲ್ಲಿ ವಾಹನದ ವಯಸ್ಸು ಅದರ ಬೆಲೆಯನ್ನು ನಿರ್ಧರಿಸುವ ಮುಖ್ಯ ಅಂಶ. 10 ವರ್ಷ ಮೀರಿದ ಡೀಸೆಲ್ ವಾಹನಗಳು ಈ ವಲಯದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಆದೇಶಿಸಿತು. ಪೆಟ್ರೋಲ್ ವಾಹನಗಳಿಗೆ ಈ ಮಿತಿ 15 ವರ್ಷ. ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್ 29ರಂದು ಈ ನಿರ್ಬಂಧದ ಜಾರಿಗೆ ನಿರ್ದೇಶನ ನೀಡಿತು. ವಯಸ್ಸನ್ನು ಲೆಕ್ಕ ಹಾಕುವುದು ಮೊದಲ ನೋಂದಣಿಯ ದಿನಾಂಕದಿಂದ; ಈಗಿನ ಮಾಲೀಕರು ಕೊಂಡ ದಿನದಿಂದ ಅಲ್ಲ.

2025ರ ಆಗಸ್ಟ್ 12ರಂದು ಸರ್ವೋಚ್ಚ ನ್ಯಾಯಾಲಯವು, ಕೇವಲ ವಯಸ್ಸಿನ ಕಾರಣದಿಂದ ಇಂತಹ ವಾಹನಗಳ ಮಾಲೀಕರ ಮೇಲೆ ಬಲವಂತದ ಕ್ರಮ ಕೈಗೊಳ್ಳಬಾರದೆಂದು ಮಧ್ಯಂತರ ಆದೇಶ ನೀಡಿತು. ಅದೇ ವರ್ಷ ಡಿಸೆಂಬರ್ 17ರಂದು ಆ ರಕ್ಷಣೆಯನ್ನು ಭಾರತ್ ಸ್ಟೇಜ್-4 ಮತ್ತು ಅದಕ್ಕೂ ಮೇಲಿನ ಮಟ್ಟದ ವಾಹನಗಳಿಗೆ ಸೀಮಿತಗೊಳಿಸಿತು. ಭಾರತ್ ಸ್ಟೇಜ್ ಎಂದರೆ ಹೊಗೆಯಲ್ಲಿರಬಹುದಾದ ಮಾಲಿನ್ಯದ ಮಿತಿಯನ್ನು ನಿಗದಿ ಮಾಡುವ ಮಾನದಂಡ. ನಾಲ್ಕನೆಯ ಹಂತವು 2017ರ ಏಪ್ರಿಲ್ 1ರಿಂದಲೂ, ಆರನೆಯ ಹಂತವು 2020ರ ಏಪ್ರಿಲ್ 1ರಿಂದಲೂ ದೇಶದಾದ್ಯಂತ ಜಾರಿಗೆ ಬಂದಿತು. ಐದನೆಯ ಹಂತವನ್ನು ಕೈಬಿಡಲಾಯಿತು. ಮಧ್ಯಂತರ ಆದೇಶವನ್ನು ಶಾಶ್ವತ ಹಕ್ಕೆಂದು ಭಾವಿಸಿ ಹಣ ಹೂಡುವುದು ವಿವೇಕವಲ್ಲ ಎಂಬುದನ್ನು ಕೊಳ್ಳುವವರು ಮನಗಾಣಬೇಕು.

ಹರಿಯಾಣ ಅಥವಾ ಉತ್ತರ ಪ್ರದೇಶದ ನೋಂದಣಿಯುಳ್ಳ ಅಗ್ಗದ ವಾಹನವನ್ನು ಕೊಂಡು ಮುನಿರ್ಕಾದಲ್ಲಿ ಓಡಿಸುವ ಯೋಚನೆಯೂ ಕೆಲವರಲ್ಲಿದೆ. ವಾಯು ಗುಣಮಟ್ಟ ನಿರ್ವಹಣಾ ಆಯೋಗದ ನಿರ್ದೇಶನದಂತೆ, ದೆಹಲಿಯಲ್ಲಿ ನೋಂದಣಿಯಾಗದ ವಾಣಿಜ್ಯ ಸರಕು ವಾಹನಗಳ ಪೈಕಿ ಭಾರತ್ ಸ್ಟೇಜ್-6, ಸಿ.ಎನ್.ಜಿ., ಎಲ್.ಎನ್.ಜಿ. ಮತ್ತು ವಿದ್ಯುತ್ ವಾಹನಗಳಿಗೆ ಮಾತ್ರ 2025ರ ನವೆಂಬರ್ 1ರಿಂದ ದೆಹಲಿಗೆ ಪ್ರವೇಶ. ಭಾರತ್ ಸ್ಟೇಜ್-4 ವಾಹನಗಳಿಗೆ ಕೊಟ್ಟ ವಿನಾಯಿತಿಯ ಅವಧಿ 2026ರ ಅಕ್ಟೋಬರ್ 31ರವರೆಗೆ ಮಾತ್ರ. ಇದಲ್ಲದೆ ಚಳಿಗಾಲದಲ್ಲಿ ಗಾಳಿ ತೀರ ಕೆಟ್ಟಾಗ ಹಳೆಯ ಡೀಸೆಲ್ ಸರಕು ವಾಹನಗಳ ಸಂಚಾರಕ್ಕೆ ಹಂತಹಂತವಾಗಿ ನಿರ್ಬಂಧಗಳು ಬೀಳುತ್ತವೆ. ವ್ಯಾಪಾರವು ಅತ್ಯಂತ ಬಿರುಸಾಗಿರುವ ಮದುವೆಯ ಕಾಲದಲ್ಲಿಯೇ ವಾಹನ ಮನೆಯ ಮುಂದೆ ನಿಲ್ಲಬೇಕಾಗಬಹುದು. ಈ ಕಾರಣಗಳಿಂದ ದೆಹಲಿಯೊಳಗೆ ದುಡಿಯುವವರು ದೆಹಲಿಯಲ್ಲೇ ನೋಂದಣಿಯಾದ ಸಿ.ಎನ್.ಜಿ. ವಾಹನ ಅಥವಾ ಭಾರತ್ ಸ್ಟೇಜ್-6 ವಾಹನವನ್ನು ಆರಿಸಿಕೊಳ್ಳುವುದು ಹೆಚ್ಚು ಸುರಕ್ಷಿತ.

ಬೆಲೆಯ ಲೆಕ್ಕ

ವಾಹನದ ಒಟ್ಟು ಬೆಲೆಗಿಂತ ಉಳಿದ ಪ್ರತಿ ವರ್ಷಕ್ಕೆ ಬೀಳುವ ವೆಚ್ಚವನ್ನು ನೋಡಬೇಕು. ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 8 ವರ್ಷ ಹಳೆಯ ಡೀಸೆಲ್ ಪಿಕಪ್ಪಿನ ಬೆಲೆ 2,40,000 ರೂಪಾಯಿ, ದುರಸ್ತಿಗೆ 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ದೆಹಲಿಯ 10 ವರ್ಷಗಳ ಮಿತಿಗೆ ಉಳಿದಿರುವುದು 2 ವರ್ಷ. ಅಂದರೆ ವರ್ಷಕ್ಕೆ 1,30,000 ರೂಪಾಯಿ. ಅಷ್ಟೇ ವಯಸ್ಸಿನ ಸಿ.ಎನ್.ಜಿ. ಪಿಕಪ್ಪಿಗೆ 3,50,000 ರೂಪಾಯಿ ಬೆಲೆಯಿದ್ದು, ದುರಸ್ತಿ ಮತ್ತು ಅನಿಲ ಸಿಲಿಂಡರಿನ ಪರೀಕ್ಷೆಗೆಂದು 70,000 ರೂಪಾಯಿ ತೆಗೆದಿರಿಸಿದರೂ, 15 ವರ್ಷಕ್ಕೆ ಇನ್ನೂ 7 ವರ್ಷ ಉಳಿದಿರುವುದರಿಂದ ವರ್ಷಕ್ಕೆ ಬೀಳುವುದು 60,000 ರೂಪಾಯಿ. ಎರಡು ವರ್ಷಗಳ ನಂತರ ಡೀಸೆಲ್ ವಾಹನವನ್ನು ರಾಜಧಾನಿ ವಲಯದ ಹೊರಗೆ ಮಾರಿ 1,00,000 ರೂಪಾಯಿ ಪಡೆದರೂ ಅದರ ವಾರ್ಷಿಕ ವೆಚ್ಚ 80,000 ರೂಪಾಯಿಗೆ ಇಳಿಯುತ್ತದೆಯೇ ಹೊರತು ಸಿ.ಎನ್.ಜಿ.ಯ ಮಟ್ಟಕ್ಕೆ ಬರುವುದಿಲ್ಲ. ಅಗ್ಗವೆಂದು ಕಂಡದ್ದು ಅಗ್ಗವಲ್ಲ.

ದೆಹಲಿಯಿಂದ ಕರ್ನಾಟಕಕ್ಕೆ

ಇದೇ ಲೆಕ್ಕದ ಇನ್ನೊಂದು ಮುಖವೂ ಉಂಟು. ಕರ್ನಾಟಕದಲ್ಲಿ ದೆಹಲಿಯಂತೆ 10 ವರ್ಷಗಳ ಡೀಸೆಲ್ ನಿರ್ಬಂಧವಿಲ್ಲ. ಆದುದರಿಂದ ದೆಹಲಿಯಲ್ಲಿ ಅವಧಿ ಮುಗಿಯುತ್ತ ಬಂದ ಡೀಸೆಲ್ ಪಿಕಪ್ಪನ್ನು ಕಡಿಮೆ ಬೆಲೆಗೆ ಕೊಂಡು ಊರಿಗೆ ಒಯ್ಯುವ ಆಲೋಚನೆ ದೆಹಲಿಯ ಕನ್ನಡಿಗರಿಗೆ ಬರುವುದುಂಟು. ಇದು ಕಾನೂನುಬಾಹಿರವಲ್ಲ, ಆದರೆ ಪೂರ್ತಿ ವೆಚ್ಚವನ್ನು ಮೊದಲೇ ಕೂಡಿಸಿ ನೋಡಬೇಕು.

ಮೊದಲನೆಯದಾಗಿ, ದೆಹಲಿಯ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ವಾಹನವು ಕಳವಿನ ಪ್ರಕರಣದಲ್ಲಿ ಸೇರಿಲ್ಲ, ತೆರಿಗೆ ಮತ್ತು ದಂಡ ಬಾಕಿಯಿಲ್ಲ ಎಂಬುದು ಖಚಿತವಾದ ನಂತರವೇ ಈ ಪತ್ರ ದೊರೆಯುತ್ತದೆ. ಎರಡನೆಯದಾಗಿ, ಕರ್ನಾಟಕದ ತೆರಿಗೆ, ಹಳೆಯ ವಾಹನಗಳ ಮೇಲಿನ ಹಸಿರು ತೆರಿಗೆ, ಹೊಸ ನೋಂದಣಿ ಸಂಖ್ಯೆಯ ಶುಲ್ಕ, ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ಪ್ರಯಾಣದ ಇಂಧನ ಮತ್ತು ಸುಂಕ, ಇವೆಲ್ಲವೂ ಬೆಲೆಗೆ ಸೇರುತ್ತವೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿದ ವಾಹನಕ್ಕೆ ಆ ರಾಜ್ಯದ ನೋಂದಣಿ ಸಂಖ್ಯೆ ಪಡೆಯಬೇಕೆಂದು ಅಧಿನಿಯಮದ 47ನೆಯ ಪ್ರಕರಣ ಹೇಳುತ್ತದೆ. ವಾಹನ ನೆಲೆಸಲಿರುವ ಊರಿನ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ತೆರಿಗೆಯ ಮೊತ್ತವನ್ನು ವಿಚಾರಿಸಿಕೊಂಡ ನಂತರವೇ ಮುಂಗಡ ಕೊಡುವುದು ಉಚಿತ. ನಿರಾಕ್ಷೇಪಣಾ ಪತ್ರವನ್ನು 'ಆಮೇಲೆ ಕಳುಹಿಸುತ್ತೇವೆ' ಎನ್ನುವ ಮಾರಾಟಗಾರನಿಗೆ ಪೂರ್ತಿ ಹಣ ಕೊಡತಕ್ಕದ್ದಲ್ಲ.

ದಾಖಲೆಗಳ ಪರಿಶೀಲನೆ

ಮಾರಾಟಗಾರನು ತೋರಿಸುವ ಕಾಗದವನ್ನಷ್ಟೇ ನಂಬದೆ, ಕೇಂದ್ರ ಸಾರಿಗೆ ಸಚಿವಾಲಯದ 'ವಾಹನ್' ದಾಖಲೆಯಲ್ಲಿ ನೋಂದಣಿ ಸಂಖ್ಯೆಯನ್ನು ಹಾಕಿ ವಿವರಗಳನ್ನು ಹೋಲಿಸಬೇಕು. ಗಮನಿಸಬೇಕಾದವು ಇವು:

1. ನೋಂದಣಿ ಪತ್ರ, ಅಂದರೆ ಆರ್.ಸಿ.: ಮೊದಲ ನೋಂದಣಿಯ ದಿನಾಂಕ, ಇಂಧನ, ಭಾರತ್ ಸ್ಟೇಜ್, ಒಟ್ಟು ತೂಕ, ಎಷ್ಟನೆಯ ಮಾಲೀಕರು ಎಂಬ ವಿವರ. ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಅದನ್ನು ನೋಂದಣಿ ಪತ್ರದೊಡನೆ ಅಕ್ಷರ ಅಕ್ಷರವಾಗಿ ತಾಳೆ ನೋಡಬೇಕು. ಅಕ್ಷರಗಳು ಏರುಪೇರಾಗಿದ್ದರೆ ಅಥವಾ ಸುತ್ತಲಿನ ಲೋಹವನ್ನು ಉಜ್ಜಿದ ಗುರುತಿದ್ದರೆ ಆ ವಾಹನವನ್ನು ಕೈಬಿಡುವುದೇ ಲೇಸು.

2. ಅರ್ಹತಾ ಪತ್ರ, ಜನರ ಮಾತಿನಲ್ಲಿ ಎಫ್.ಸಿ.: ಸಾರಿಗೆ ವಾಹನಕ್ಕೆ ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದಿದ್ದರೆ ನೋಂದಣಿಯೂ ಸಿಂಧುವೆನಿಸುವುದಿಲ್ಲ. 8 ವರ್ಷದವರೆಗಿನ ವಾಹನಕ್ಕೆ ಇದನ್ನು 2 ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ನವೀಕರಿಸಬೇಕು. ವಾಹನಕ್ಕೆ ವಯಸ್ಸಾದಂತೆ ಶುಲ್ಕವೂ ಏರುತ್ತದೆ.

3. ಸಾಲದ ನಮೂದು: ನೋಂದಣಿ ಪತ್ರದಲ್ಲಿ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಹೆಸರಿದ್ದರೆ ಸಾಲ ತೀರಿದ ಪತ್ರವನ್ನೂ, ಸಂಸ್ಥೆ ಸಹಿ ಮಾಡಿದ ನಮೂನೆ 35ನ್ನೂ ಪಡೆಯಬೇಕು. ಕಂತು ಬಾಕಿಯಿರುವ ವಾಹನವನ್ನು ಸಂಸ್ಥೆಯವರು ಹೊಸ ಮಾಲೀಕನ ಮನೆಯ ಮುಂದಿನಿಂದಲೇ ಒಯ್ಯಬಹುದು.

4. ವಿಮೆ, ತೆರಿಗೆ, ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಮತ್ತು ಬಾಕಿ ದಂಡಗಳು. ಹಳೆಯ ವಿಮೆಯಲ್ಲಿ ಅಪಘಾತದ ಪರಿಹಾರ ಪಡೆದಿದ್ದರೆ ಅದರ ವಿವರವನ್ನೂ ಕೇಳಬೇಕು.

5. ಸಿ.ಎನ್.ಜಿ. ವಾಹನವಾದರೆ ಸಿಲಿಂಡರಿನ ಒತ್ತಡ ಪರೀಕ್ಷೆಯ ಪ್ರಮಾಣಪತ್ರ. ಈ ಪರೀಕ್ಷೆಯನ್ನು 3 ವರ್ಷಕ್ಕೊಮ್ಮೆ ಮಾಡಿಸಬೇಕು. ಕಾರ್ಖಾನೆಯಲ್ಲಿ ಅಳವಡಿಸದೆ ಹೊರಗೆ ಹಾಕಿಸಿದ ಅನಿಲ ವ್ಯವಸ್ಥೆಯಾದರೆ ಅದು ನೋಂದಣಿ ಪತ್ರದಲ್ಲಿ ದಾಖಲಾಗಿರಬೇಕು.

ವಾಹನದ ಪರೀಕ್ಷೆ

ದಾಖಲೆಗಳು ಸರಿಯಾಗಿದ್ದರೆ ಮಾತ್ರ ವಾಹನವನ್ನು ನೋಡಲು ಹೋಗಬೇಕು. ಹಗಲಿನಲ್ಲಿ, ಎಂಜಿನ್ ತಣ್ಣಗಿರುವಾಗ, ಮಾರಾಟಗಾರನಿಗೆ ಸಂಬಂಧಿಸದ ಮೆಕ್ಯಾನಿಕ್ಕನೊಡನೆ ಹೋಗುವುದು ಉತ್ತಮ. ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟ ಎಂಜಿನ್ನು ತನ್ನ ದೋಷವನ್ನು ಮರೆಮಾಚುತ್ತದೆ.

ಕಾರಿನ ಪರೀಕ್ಷೆಗೂ ಪಿಕಪ್ಪಿನ ಪರೀಕ್ಷೆಗೂ ವ್ಯತ್ಯಾಸವಿದೆ. ಪಿಕಪ್ ಸವೆಯುವುದು ಭಾರದಿಂದ. ಆದುದರಿಂದ ಮೊದಲು ನೋಡಬೇಕಾದದ್ದು ಅದರ ತಳಭಾಗ. ಚಾಸಿಸ್ಸಿನಲ್ಲಿ ಬಿರುಕು, ಹೊಸ ಬೆಸುಗೆ, ಒಂದೇ ಜಾಗದಲ್ಲಿ ಬಳಿದ ಹೊಸ ಬಣ್ಣ ಇವೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಹಿಂಭಾಗದ ಕಮಾನು ಪಟ್ಟಿಗಳು ಚಪ್ಪಟೆಯಾಗಿದ್ದರೆ, ಅಥವಾ ಮೂಲದಲ್ಲಿ ಇಲ್ಲದ ಹೆಚ್ಚುವರಿ ಪಟ್ಟಿ ಸೇರಿಸಿದ್ದರೆ, ವಾಹನ ಸದಾ ಮಿತಿ ಮೀರಿದ ಭಾರ ಹೊತ್ತಿದೆ ಎಂದರ್ಥ. ಸರಕು ತೊಟ್ಟಿಯ ನೆಲದ ಮೇಲೆ ಹಾಸಿದ ತಗಡನ್ನು ಎತ್ತಿ ಕೆಳಗಿನ ತುಕ್ಕನ್ನು ನೋಡಬೇಕು. ಮೀನು, ಉಪ್ಪು, ಗೊಬ್ಬರ ಸಾಗಿಸಿದ ವಾಹನಗಳಲ್ಲಿ ಹಾಗೂ ಕರಾವಳಿಯ ವಾಹನಗಳಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ.

ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಹಿಂದಿನಿಂದ ನೋಡಿದಾಗ ವಾಹನ ಒಂದು ಕಡೆಗೆ ವಾಲಿರಬಾರದು. ಟಯರಿನ ಒಂದು ಅಂಚು ಮಾತ್ರ ಸವೆದಿದ್ದರೆ ಚಕ್ರದ ಜೋಡಣೆ ತಪ್ಪಿರಬಹುದು, ಅಥವಾ ಅಪಘಾತದಲ್ಲಿ ಚಾಸಿಸ್ ಬಾಗಿರಬಹುದು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆಯಿರುತ್ತದೆ. ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ತಿಳಿಸುತ್ತವೆ. ಉದಾಹರಣೆಗೆ, 2321 ಎಂದರೆ 2021ರ 23ನೆಯ ವಾರ.

ಹೊಗೆಯ ಬಣ್ಣ ಎಂಜಿನ್ನಿನ ಆರೋಗ್ಯವನ್ನು ಹೇಳುತ್ತದೆ. ನೀಲಿ ಹೊಗೆ ಎಂಜಿನ್ ಎಣ್ಣೆ ಉರಿಯುತ್ತಿರುವುದರ ಗುರುತು. ಅದಕ್ಕೆ ದೊಡ್ಡ ದುರಸ್ತಿ ಬೇಕಾಗಬಹುದು. ಕಪ್ಪು ಹೊಗೆ ಇಂಧನ ಸರಿಯಾಗಿ ಉರಿಯದಿರುವುದನ್ನು ಸೂಚಿಸುತ್ತದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ತಂಪುಗೊಳಿಸುವ ನೀರು ಒಳಗೆ ಸೇರುತ್ತಿರಬಹುದು. ಎಂಜಿನ್ ನಡೆಯುತ್ತಿರುವಾಗ ಎಣ್ಣೆ ತುಂಬುವ ಮುಚ್ಚಳ ತೆಗೆದರೆ ಒತ್ತಡದಿಂದ ಹೊಗೆ ನುಗ್ಗಿ ಬರಬಾರದು. ಭಾರತ್ ಸ್ಟೇಜ್-6 ಡೀಸೆಲ್ ವಾಹನದಲ್ಲಿ, ಕೀಲಿ ತಿರುಗಿಸಿದೊಡನೆ ಹತ್ತುವ ಎಚ್ಚರಿಕೆ ದೀಪ ಎಂಜಿನ್ ಚಾಲೂ ಆದ ಮೇಲೆ ಆರಬೇಕು. ದೀಪ ಹತ್ತುವುದೇ ಇಲ್ಲವೆಂದರೆ ಅದನ್ನು ಕಿತ್ತುಹಾಕಿರುವ ಸಂಭವವಿದೆ. ಹೊಗೆ ಶುದ್ಧಿ ವ್ಯವಸ್ಥೆಯ ದುರಸ್ತಿ ದುಬಾರಿಯಾದುದು.

ಕಿಲೋಮೀಟರ್ ಎಣಿಕೆಯನ್ನು ತಿದ್ದಲು ಸಾಧ್ಯವಿರುವುದರಿಂದ ಅದೊಂದನ್ನೇ ನಂಬಲಾಗದು. ಎಣಿಕೆ 40,000 ಎಂದಿದ್ದು, ಕ್ಲಚ್ ಪೆಡಲಿನ ರಬ್ಬರು ಪೂರ್ತಿ ಸವೆದು ಸ್ಟೇರಿಂಗ್ ನುಣುಪಾಗಿದ್ದರೆ ಆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ.

ಕೊನೆಯದಾಗಿ, ಖಾಲಿ ಪಿಕಪ್ಪನ್ನು ಓಡಿಸಿ ನೋಡಿದರೆ ಸಾಲದು. ಅನುಮತಿಸಿದ ಮಿತಿಯೊಳಗೆ ಸರಕು ಹೇರಿ, ಏರುದಾರಿಯಿರುವ ಕಡೆ ಓಡಿಸಬೇಕು. ಏರಿನಲ್ಲಿ ಎಂಜಿನ್ ಕೂಗಿದರೂ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಗೇರು ತಾನಾಗಿ ಹಾರಿದರೆ, ಹಿಂದಿನ ಆಕ್ಸಲಿನಿಂದ ಗೊರಗೊರ ಸದ್ದು ಬಂದರೆ, ಬ್ರೇಕ್ ಹಾಕಿದಾಗ ಒಂದು ಕಡೆಗೆ ಎಳೆದರೆ, ಅವುಗಳ ದುರಸ್ತಿ ವೆಚ್ಚವನ್ನು ಮೆಕ್ಯಾನಿಕ್ಕನಿಂದ ಅಂದಾಜು ಮಾಡಿಸಿ ಬೆಲೆಯಿಂದ ಕಳೆಯಬೇಕು.

ಮಾಲೀಕತ್ವದ ವರ್ಗಾವಣೆ

ಹಣ ಕೊಟ್ಟು ಕೀಲಿ ಪಡೆದ ಮಾತ್ರಕ್ಕೆ ವ್ಯವಹಾರ ಮುಗಿಯುವುದಿಲ್ಲ. ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿದ್ದ ಒಂದು ವಾಹನದಿಂದ 2009ರಲ್ಲಿ ಅಪಘಾತ ಸಂಭವಿಸಿತ್ತು. ನೋಂದಣಿ ಪತ್ರದಲ್ಲಿ ಮಾತ್ರ ಮೊದಲಿನ ಮಾಲೀಕರ ಹೆಸರೇ ಉಳಿದಿತ್ತು. ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 6ರಂದು, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ತೀರ್ಪಿತ್ತಿತು. ವಾಹನ ಮಾರಿ ನೆಮ್ಮದಿಯಿಂದಿದ್ದವರ ಮೇಲೆ ವರ್ಷಗಳ ನಂತರ ಹೊಣೆ ಬೀಳಬಹುದೆಂಬುದಕ್ಕೆ ಇದು ನಿದರ್ಶನ. ಕೊಂಡವರಿಗೂ ಅಪಾಯ ತಪ್ಪಿದ್ದಲ್ಲ. ಹೆಸರು ಬದಲಾಗದಿದ್ದರೆ ವಾಹನಕ್ಕಾದ ಹಾನಿಗೆ ವಿಮೆಯ ಪರಿಹಾರ ದೊರೆಯುವುದು ಕಷ್ಟ.

ಆದುದರಿಂದ ಹಣ ಪಾವತಿಸುವ ದಿನವೇ ನಮೂನೆ 29 ಮತ್ತು 30ಕ್ಕೆ ಉಭಯತರೂ ಸಹಿ ಹಾಕಬೇಕು. ಅಧಿನಿಯಮದ 50ನೆಯ ಪ್ರಕರಣದಂತೆ, ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಬೇರೆ ರಾಜ್ಯಕ್ಕೆ ಮಾರಿದ್ದರೆ 45 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಕೊಂಡವರಿಗೆ 30 ದಿನಗಳ ಅವಧಿಯಿದೆ. ವಿಮೆಯನ್ನು ತಮ್ಮ ಹೆಸರಿಗೆ ಬದಲಾಯಿಸಿಕೊಡುವಂತೆ ಕೊಂಡವರು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ಖಾಲಿ ನಮೂನೆಗಳಿಗೆ ಸಹಿ ಹಾಕುವುದಾಗಲಿ ಹಾಕಿಸಿಕೊಳ್ಳುವುದಾಗಲಿ ಕೂಡದು. ಹಣವನ್ನು ನೋಂದಾಯಿತ ಮಾಲೀಕರ ಬ್ಯಾಂಕ್ ಖಾತೆಗೇ ಕಳುಹಿಸುವುದು ಕ್ಷೇಮ. ಅದೇ ಮುಂದೆ ಸಾಕ್ಷ್ಯವಾಗುತ್ತದೆ.

ವ್ಯಾಪಾರಿಗಳ ಮೂಲಕ ಕೊಳ್ಳುವವರು, ಆ ವ್ಯಾಪಾರಿಗೆ ನೋಂದಣಿ ಪ್ರಾಧಿಕಾರದ ಅಧಿಕಾರ ಪತ್ರವಿದೆಯೇ ಎಂದು ಕೇಳಬೇಕು. ಬಳಸಿದ ವಾಹನಗಳ ವ್ಯಾಪಾರಿಗಳಿಗೆ ಇಂತಹ ಪತ್ರವನ್ನು ಕಡ್ಡಾಯ ಮಾಡಿದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ವಾಣಿಜ್ಯ ವಾಹನ ಕೊಂಡವರಿಗೆ ಗ್ರಾಹಕ ರಕ್ಷಣೆ ಇಲ್ಲವೆಂಬ ತಪ್ಪು ಕಲ್ಪನೆಯೂ ಪ್ರಚಲಿತವಾಗಿದೆ. ಸ್ವಯಂ ಉದ್ಯೋಗದಿಂದ ಜೀವನೋಪಾಯ ಸಾಗಿಸಲೆಂದೇ ಕೊಂಡು ಬಳಸುವವರು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಗ್ರಾಹಕರೇ ಆಗಿದ್ದಾರೆ. ವ್ಯಾಪಾರಿಯಿಂದ ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದ ಮೊರೆಯನ್ನೂ ಹೋಗಬಹುದು.

ಮುನಿರ್ಕಾದ ಗಲ್ಲಿಯಲ್ಲಿ ನಿಂತಿರುವ ಒಂದು ಹಳೆಯ ಪಿಕಪ್ ಆ ಅಂಗಡಿಯ ವ್ಯಾಪಾರ, ಆ ಮನೆಯ ಮಕ್ಕಳ ಶಾಲೆಯ ಶುಲ್ಕ, ಊರಿಗೆ ಕಳುಹಿಸುವ ಹಣ ಎಲ್ಲವನ್ನೂ ಹೊತ್ತಿರುತ್ತದೆ. ಅದು ಒಂದು ತಿಂಗಳು ನಿಂತರೆ ಮನೆಯ ಆದಾಯವೂ ನಿಲ್ಲುತ್ತದೆ. ಮುಂಗಡ ಕೊಡುವ ಮೊದಲು ಎರಡು ದಿನ ದಾಖಲೆಗಳಿಗೆ, ಒಂದು ದಿನ ವಾಹನದ ಪರೀಕ್ಷೆಗೆ ಮೀಸಲಿಟ್ಟರೆ, ಆ ಮೂರು ದಿನಗಳ ಶ್ರಮವು ಮುಂದಿನ ಹಲವು ವರ್ಷಗಳ ದುಡಿಮೆಯನ್ನು ಕಾಪಾಡುತ್ತದೆ.